ಟರ್ಮಿನಲ್‌ನಲ್ಲೇ ಹಾಡು: ಎಂಪಿವಿ ಬಳಸಿದ ಮೇಲೆ

ಕೆಲಸ ಮಾಡುವಾಗ ಹಿಂದೆ ಏನಾದರೂ ಹಾಡುತ್ತಿರಬೇಕು, ಇಲ್ಲದಿದ್ದರೆ ನನಗೆ ಕೈ ಓಡುವುದಿಲ್ಲ. ಆದರೆ ಹಾಡು ಹಾಕಲು ಅಂತ ಬ್ರೌಸರ್ ತೆರೆದರೆ ಮುಗಿಯಿತು. ಒಂದು ಟ್ಯಾಬ್ ಹೋಗಿ ಎಂಟಾಗಿ, ಅರ್ಧ ಗಂಟೆ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಅದಕ್ಕೇ ಈಗ ಎಂಪಿವಿ (mpv). ಅದು ವಿಡಿಯೋ ಪ್ಲೇಯರ್, ಎಂಪ್ಲೇಯರ್ ಅನ್ನುವ ಹಳೆಯ ಪ್ಲೇಯರ್‌ನ ವಂಶದ್ದು, ಉಚಿತ. ನಾನು ಮಾತ್ರ ಅದರಲ್ಲಿ ವಿಡಿಯೋ ನೋಡಿದ್ದೇ ಕಡಿಮೆ.

ಬಳಸುವುದು ಇಷ್ಟೇ: ಟರ್ಮಿನಲ್‌ನಲ್ಲಿ (ಕಂಪ್ಯೂಟರ್‌ಗೆ ಟೈಪ್ ಮಾಡಿ ಆದೇಶ ಕೊಡುವ ವಿಂಡೋ) mpv ಅಂತ ಟೈಪ್ ಮಾಡಿ, ಪಕ್ಕದಲ್ಲಿ ಇಂಟರ್ನೆಟ್ ರೇಡಿಯೋದ ಸ್ಟ್ರೀಮ್ ಲಿಂಕ್ ಅಂಟಿಸಿ, ಎಂಟರ್ ಒತ್ತಿ. ಹಾಡು ಶುರು. "ನಿಮಗೆ ಇದೂ ಇಷ್ಟವಾಗಬಹುದು" ಅನ್ನುವ ಕಾಟ ಇಲ್ಲ. ಸ್ಟೇಷನ್‌ನವರು ಹಾಡಿನ ಹೆಸರು ಕಳಿಸುತ್ತಿದ್ದರೆ ಅದು ಒಂದು ಸಾಲಿನಲ್ಲಿ ಬರುತ್ತದೆ. ಸ್ಪೇಸ್ ಒತ್ತಿದರೆ ನಿಲ್ಲುತ್ತದೆ, 9 ಒತ್ತಿದರೆ ಸದ್ದು ಕಡಿಮೆ, 0 ಒತ್ತಿದರೆ ಜಾಸ್ತಿ (ಸೊನ್ನೆಗೆ ಜಾಸ್ತಿ ಅನ್ನುವುದು ನನಗೆ ಇನ್ನೂ ಒಗ್ಗಿಲ್ಲ), ಕ್ಯೂ ಒತ್ತಿದರೆ ಎಲ್ಲ ಬಂದ್.

ನನಗೆ ತುಂಬಾ ಹಿಡಿಸಿದ್ದು ಎಡಬಾಣದ ಕೀ. ನೇರ ಪ್ರಸಾರದ ರೇಡಿಯೋವನ್ನೂ ಒಂದು ಸಲಕ್ಕೆ 5 ಸೆಕೆಂಡ್ ಹಿಂದಕ್ಕೆ ಎಳೆಯಬಹುದು, ಯಾಕೆಂದರೆ ಈಗಾಗಲೇ ಬಂದಿದ್ದನ್ನು ಅದು ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಚಂದದ ಕೊಳಲಿನ ತುಣುಕು ಬರುವಾಗಲೇ ಫೋನ್ ಬಂತಾ? ನಾಲ್ಕೈದು ಸಲ ಒತ್ತಿ, ಮತ್ತೆ ಕೇಳಿ. ರೇಡಿಯೋದಲ್ಲಿ ಇದನ್ನು ಯಾರು ನಿರೀಕ್ಷಿಸುತ್ತಾರೆ ಹೇಳಿ! ಡೇಟಾ ಕೂಡ ಹೆಚ್ಚೇನು ತಿನ್ನುವುದಿಲ್ಲ, 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಸ್ಟ್ರೀಮ್ ಆದರೆ ಗಂಟೆಗೆ ಸುಮಾರು 58 ಎಂಬಿ.

ವಿಡಿಯೋ ತಾಣಗಳಲ್ಲಿರುವ ಹಾಡು ಬೇಕಿದ್ದರೆ ಜೊತೆಗೆ ವೈಟಿ-ಡಿಎಲ್‌ಪಿ (yt-dlp) ಅನ್ನುವ, ಅಂಥ ತಾಣಗಳಿಂದ ವಿಡಿಯೋ ತಂದುಕೊಡುವ ಪ್ರೋಗ್ರಾಂ ಹಾಕಿಕೊಳ್ಳಬೇಕು. ಆಮೇಲೆ ನೋ-ವಿಡಿಯೋ (--no-video) ಅನ್ನುವ ಆಪ್ಷನ್ ಕೊಟ್ಟರೆ ಚಿತ್ರ ಬಿಟ್ಟು ಧ್ವನಿ ಮಾತ್ರ ಬರುತ್ತದೆ. ಆದರೆ ಇದನ್ನೇ ನಂಬಿಕೊಂಡು ಕೂರಬೇಡಿ. ತಾಣದವರು ಒಳಗೊಳಗೇ ಏನಾದರೂ ಬದಲಾಯಿಸಿದರೆ ವೈಟಿ-ಡಿಎಲ್‌ಪಿಯ ಹಳೆಯ ಆವೃತ್ತಿ ಕೈಕೊಡುತ್ತದೆ. ನಾನು ಒಂದು ಸಂಜೆಯೆಲ್ಲ ಎರರ್ ನೋಡುತ್ತಾ ನೆಟ್ ಸರಿಯಿಲ್ಲ ಅಂದುಕೊಂಡಿದ್ದೆ, ಅಪ್‌ಡೇಟ್ ಮಾಡಿದರೆ ಸರಿಹೋಯಿತು.

ದೊಡ್ಡ ಕೊರತೆ ಅಂದರೆ ಸ್ಟೇಷನ್ ಹುಡುಕುವ ವ್ಯವಸ್ಥೆಯೇ ಇಲ್ಲ. ಏನು ಕೇಳಬೇಕು ಅಂತ ನಿಮಗೇ ಗೊತ್ತಿರಬೇಕು, ಲಿಂಕ್ ಕಲೆಹಾಕುವುದೂ ನಿಮ್ಮ ಪಾಡೇ. ನಾನು ಒಂದು ಎಂ3ಯು ಫೈಲ್ (ಹಾಡುಗಳ ಪಟ್ಟಿ ಇಡುವ ಸಾದಾ ಪಠ್ಯದ ಫೈಲ್) ಮಾಡಿ ಸಾಲಿಗೊಂದು ಲಿಂಕ್ ಬರೆದಿಟ್ಟಿದ್ದೇನೆ. ಹೊಸ ಹಾಡುಗಳ ಶಿಫಾರಸು ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ, ಸುಮ್ನೆ ತಲೆನೋವು. ಡಿಸ್ಕ್ ತುಂಬಾ ಸ್ವಂತ ಸಂಗ್ರಹ ಇರುವವರಿಗೆ ಸಿಮಸ್ (cmus) ಅಥವಾ ಎಂಪಿಡಿ (MPD) ಅನ್ನುವ ಮ್ಯೂಸಿಕ್ ಪ್ಲೇಯರ್‌ಗಳೇ ವಾಸಿ.

ಟರ್ಮಿನಲ್ ಮುಚ್ಚಿದರೆ ಹಾಡೂ ನಿಲ್ಲುತ್ತದೆ, ಅದಕ್ಕೆ ಟಿಮಕ್ಸ್ (tmux) ಒಳಗೆ ಓಡಿಸುತ್ತೇನೆ, ವಿಂಡೋ ಮುಚ್ಚಿದರೂ ಅದು ಒಳಗಿನ ಕೆಲಸವನ್ನು ನಡೆಸುತ್ತಲೇ ಇರುತ್ತದೆ. ಒಮ್ಮೆ ಹಾಗೆ ಬಿಟ್ಟಿದ್ದನ್ನು ಮರೆತು, ಹಾಡು ಎಲ್ಲಿಂದ ಬರುತ್ತಿದೆ ಅಂತ ಬ್ರೌಸರ್‌ನ ಟ್ಯಾಬ್‌ಗಳನ್ನೆಲ್ಲ ಒಂದೊಂದಾಗಿ ಮುಚ್ಚುತ್ತಾ ಕೂತಿದ್ದೆ.