ಮುಗಿಯದ ರಹಸ್ಯಕ್ಕೆ ವರ್ಷದ ಚಂದಾ ಕಟ್ಟಬೇಡಿ

ದೊಡ್ಡ ಬಜೆಟ್ಟಿನ, ಎಲ್ಲರೂ ಹೊಗಳುತ್ತಿರುವ, ಒಂದು ರಹಸ್ಯದ ಸುತ್ತಲೇ ಹೆಣೆದ ವಿದೇಶಿ ಸರಣಿಯೊಂದನ್ನು ನೋಡಲು ಶುರುಮಾಡಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು, ಟ್ರೇಲರ್ ನೋಡುವುದಕ್ಕೂ ಮೊದಲು ಒಂದು ವಿಷಯವನ್ನು ವಿಚಾರಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಆ ಕಥೆ ಪೂರ್ತಿ ಮುಗಿದಿದೆಯೇ? ಮುಗಿದಿಲ್ಲವಾದರೆ, ಅದನ್ನು ಯಾವಾಗ ಮುಗಿಸಬೇಕೆಂಬುದು ಬರೆದವರ ಕೈಯಲ್ಲಿದೆಯೇ ಅಥವಾ ದುಡ್ಡು ಹಾಕುವ ಸಂಸ್ಥೆಯ ಕೈಯಲ್ಲಿದೆಯೇ? ಇದು ತಿಳಿಯದಿದ್ದರೆ ವಿಮರ್ಶಕರು ಕೊಟ್ಟ ನಕ್ಷತ್ರಗಳನ್ನು ಎಣಿಸಿ ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ಕಳೆದ ವರ್ಷ ನಡೆದದ್ದು ಬೇರೆ ಮನೆಗಳಲ್ಲಿ ನಡೆಯದಿರಲಿ ಎಂಬ ಕಾರಣಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಸರಣಿಯ ಹೆಸರನ್ನಾಗಲಿ ಒಟಿಟಿ ಸಂಸ್ಥೆಯ ಹೆಸರನ್ನಾಗಲಿ ಹೇಳುತ್ತಿಲ್ಲ, ಏಕೆಂದರೆ ಈ ತೊಂದರೆ ಒಂದು ಸರಣಿಗೆ ಸೀಮಿತವಾದದ್ದಲ್ಲ.

ಹೊರವರ್ತುಲ ರಸ್ತೆಯಲ್ಲಿರುವ ನಮ್ಮ ಕಚೇರಿಯಲ್ಲಿ ಊಟದ ಹೊತ್ತಿಗೆ ಆಗ ಬೇರೆ ಮಾತೇ ಇರಲಿಲ್ಲ. ಸಮುದ್ರದ ದಂಡೆಯ ಮೇಲಿನ ಒಂದು ಚಿಕ್ಕ ಊರು, ಒಂದೇ ರಾತ್ರಿಯಲ್ಲಿ ಕಾಣೆಯಾದ ಒಂದು ಕುಟುಂಬ, ಅದರ ಬಗ್ಗೆ ಬಾಯಿ ಬಿಡದ ಊರಿನವರು. ‘ಮೊದಲ ನಾಲ್ಕು ಎಪಿಸೋಡ್ ತಡ್ಕೊಳ್ಳಿ, ಆಮೇಲೆ ನೀವೇ ಬಿಡಲ್ಲ’ ಎಂದು ಎಲ್ಲರೂ ಹೇಳುತ್ತಿದ್ದರು. ಮೊದಲ ಸೀಸನ್ ಪೂರ್ತಿ ಲಭ್ಯವಿತ್ತು, ಎರಡನೆಯದು ವಾರಕ್ಕೊಂದು ಕಂತಿನಂತೆ ಬರತೊಡಗಿತ್ತು. ತಿಂಗಳ ಲೆಕ್ಕದಲ್ಲಿ ಕಟ್ಟುವುದಕ್ಕಿಂತ ವರ್ಷದ ಪ್ಲಾನ್ ಅಗ್ಗವೆಂದು ಆ್ಯಪ್ ತೋರಿಸಿದ್ದರಿಂದ ಅದನ್ನೇ ತೆಗೆದುಕೊಂಡೆವು.

ಮಲ್ಲೇಶ್ವರದ ನಮ್ಮ ಮನೆಯಲ್ಲಿ ಈ ಸರಣಿಯನ್ನು ನನಗಿಂತ ಹೆಚ್ಚು ಹಚ್ಚಿಕೊಂಡದ್ದು ಅಮ್ಮ. ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹುಡುಗಿಯಾಗಿದ್ದಾಗ ಬಾಡಿಗೆ ಲೈಬ್ರರಿಯಿಂದ ಪತ್ತೇದಾರಿ ಕಾದಂಬರಿಗಳನ್ನು ತಂದು ರಾತ್ರಿ ಬೆಳಗಾಗುವುದರೊಳಗೆ ಮುಗಿಸುತ್ತಿದ್ದವರು. ಸರಣಿಗೆ ಕನ್ನಡದ ಧ್ವನಿಯೂ ಇರಲಿಲ್ಲ, ಕನ್ನಡ ಸಬ್‌ಟೈಟಲ್ ಕೂಡ ಇರಲಿಲ್ಲ. ಇಂಗ್ಲಿಷ್ ಸಾಲುಗಳು ಓಡುವ ವೇಗಕ್ಕೆ ಅವರ ಕಣ್ಣು ಹೊಂದುತ್ತಿರಲಿಲ್ಲವಾದ್ದರಿಂದ ನಾನು ಎರಡೆರಡು ನಿಮಿಷಕ್ಕೆ ನಿಲ್ಲಿಸಿ, ಯಾರು ಯಾರಿಗೆ ಏನಂದರು, ಯಾವ ಮಾತಿನಲ್ಲಿ ಏನನ್ನು ಮುಚ್ಚಿಟ್ಟರು ಎಂದು ಕನ್ನಡದಲ್ಲಿ ಹೇಳಬೇಕಾಗುತ್ತಿತ್ತು. ಐವತ್ತು ನಿಮಿಷದ ಕಂತು ಎರಡು ಗಂಟೆ ಹಿಡಿಯುತ್ತಿತ್ತು. ಅವರು ಹಳೆಯ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ನೀಲಿ ಪೆನ್ನಿನಿಂದ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರಕ್ಕೆ ಖಾಲಿ ಜಾಗ. ‘ಹಿತ್ತಾಳೆ ಕೀಲಿ: ಮೂರನೇ ಕಂತಿನಲ್ಲಿ ದೊಡ್ಡ ಮಗಳ ಕೊರಳಲ್ಲಿತ್ತು, ಐದರಲ್ಲಿ ಪಾದ್ರಿಯ ಮೇಜಿನ ಮೇಲೆ’ ಎಂಬುದು ಅದರಲ್ಲಿ ಒಂದು ಸಾಲು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಹಿಂದಕ್ಕೆ ಹೋಗಿ ನೋಡಿದರೆ ಅವರು ಬರೆದದ್ದು ಸರಿಯಾಗಿತ್ತು. ಎರಡನೆಯ ಸೀಸನ್ ಮುಗಿಯುವ ಹೊತ್ತಿಗೆ ಪತ್ರಿಕೆಯ ಎಡಭಾಗ ತುಂಬಿಹೋಗಿ ಲಕೋಟೆಯ ಮೇಲೂ ಬರಹ ಹರಿದಿತ್ತು, ಬಲಭಾಗ ಬಹುಮಟ್ಟಿಗೆ ಖಾಲಿಯೇ ಉಳಿದಿತ್ತು.

ಕೊನೆಯ ಕಂತು ಒಂದು ಬಾಗಿಲು ತೆರೆಯುವಲ್ಲಿಗೆ ನಿಂತಿತು. ಕೆಲವು ವಾರಗಳ ನಂತರ, ಮೂರನೆಯ ಸೀಸನ್ ಮಾಡುವುದಿಲ್ಲವೆಂದು ಸಂಸ್ಥೆ ಪ್ರಕಟಿಸಿತು. ಆ ಕುಟುಂಬ ಏನಾಯಿತೆಂಬುದು ಇನ್ನು ಯಾವತ್ತೂ ತಿಳಿಯುವುದಿಲ್ಲ. ಅಮ್ಮ ಕೇಳಿದ್ದು, ‘ಹಾಗಾದರೆ ಆ ಕೀಲಿ ಯಾವುದರದ್ದು? ಬರೆದವರಿಗಾದರೂ ಗೊತ್ತಿತ್ತೋ ಇಲ್ಲವೋ?’ ಎಂದು. ಆ ಎರಡನೆಯ ಪ್ರಶ್ನೆ ನ್ಯಾಯವಾದದ್ದು. ಗ್ರಾಹಕ ಸೇವೆಗೆ ಬರೆದು, ಈ ಸರಣಿಗೆಂದೇ ವರ್ಷದ ಹಣ ಕಟ್ಟಿದ್ದೇವೆ, ಉಳಿದ ತಿಂಗಳುಗಳ ಹಣವನ್ನಾದರೂ ಹಿಂದಿರುಗಿಸಿ ಎಂದು ಕೇಳಿದಾಗ, ಚಂದಾ ಇರುವುದು ಒಟ್ಟು ಸೇವೆಗೆ, ಯಾವುದೇ ಒಂದು ಕಾರ್ಯಕ್ರಮಕ್ಕಲ್ಲ ಎಂಬ ಉತ್ತರ ಬಂತು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಿರಬಹುದು. ಆದರೆ ಜಾಹೀರಾತಿನಲ್ಲಿ ಆ ಒಂದು ಕಾರ್ಯಕ್ರಮದ ಮುಖವನ್ನೇ ನಗರದ ತುಂಬ ತೋರಿಸಿ ಚಂದಾ ಮಾಡಿಸಿಕೊಂಡವರು ಆಮೇಲೆ ಹಾಗೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಈ ಬಗೆಯ ಕಥೆಗಳು ಏಕೆ ಹೀಗೆ ನಡುನೀರಿನಲ್ಲಿ ಕೈಬಿಡುತ್ತವೆ ಎಂದು ತಿಳಿಯಲು ಅವುಗಳ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಅಮೆರಿಕದ ‘ಲಾಸ್ಟ್’ ಎಂಬ ರಹಸ್ಯ ಸರಣಿಯ ಸೃಷ್ಟಿಕರ್ತರಲ್ಲಿ ಒಬ್ಬರಾದ ಜೆ. ಜೆ. ಏಬ್ರಮ್ಸ್ 2007ರಲ್ಲಿ ಟೆಡ್ ಎಂಬ ಭಾಷಣಮಾಲೆಯಲ್ಲಿ ಮಾತಾಡುವಾಗ ಒಂದು ರಟ್ಟಿನ ಪೆಟ್ಟಿಗೆಯನ್ನು ವೇದಿಕೆಗೆ ತಂದಿದ್ದರು. ಬಾಲ್ಯದಲ್ಲಿ ನ್ಯೂಯಾರ್ಕಿನ ಜಾದೂ ಅಂಗಡಿಯೊಂದರಿಂದ ಕೊಂಡದ್ದು. 15 ಡಾಲರಿಗೆ 50 ಡಾಲರಿನಷ್ಟು ಜಾದೂ ಸಾಮಗ್ರಿ ಎಂದು ಅದರ ಮೇಲೆ ಬರೆದಿತ್ತು. ಅದನ್ನು ಅವರು ಅಲ್ಲಿಯವರೆಗೂ ತೆರೆದೇ ಇರಲಿಲ್ಲ. ಒಳಗೇನಿದೆ ಎಂಬ ಕುತೂಹಲವೇ ಒಳಗಿರುವ ವಸ್ತುವಿಗಿಂತ ದೊಡ್ಡದು ಎಂಬುದು ಅವರ ವಾದದ ಸಾರ. ಬರೆಯುವವನಿಗೆ ಇದು ಆಕರ್ಷಕ ವಾದ. ನೋಡುವವರ ಕಡೆಯಿಂದ ಯೋಚಿಸಿದರೆ ಮಾತ್ರ ಇದರಲ್ಲಿ ಒಂದು ಅಪಾಯವಿದೆ: ಪೆಟ್ಟಿಗೆ ತೆರೆಯದಿರುವುದೇ ಗುಣವಾದರೆ, ಒಳಗೆ ಏನನ್ನಾದರೂ ಇಡಬೇಕೆಂಬ ಕಟ್ಟುಪಾಡು ಯಾರಿಗೂ ಉಳಿಯುವುದಿಲ್ಲ.

ಅದೇ ‘ಲಾಸ್ಟ್’ ಸರಣಿಯನ್ನು ನಡೆಸುತ್ತಿದ್ದವರಿಗೂ ಇದು ಅರಿವಾಗಿತ್ತು ಎನ್ನುವುದಕ್ಕೆ ಸಾಕ್ಷಿಯಿದೆ. 2004ರಲ್ಲಿ ಶುರುವಾದ ಕಥೆಗೆ ಕೊನೆ ಯಾವಾಗ ಎಂಬುದು ಗೊತ್ತಿಲ್ಲದೆ ಬರೆಯುವುದು ಕಷ್ಟವಾಗಿ, ಅವರು ಎಬಿಸಿ ವಾಹಿನಿಯೊಡನೆ ಹೋರಾಡಿ ಮುಕ್ತಾಯದ ದಿನವನ್ನು ಗೊತ್ತುಮಾಡಿಸಿಕೊಂಡರು. 2010ರಲ್ಲಿ ಸರಣಿ ಮುಗಿಯುತ್ತದೆಂದು 2007ರಲ್ಲೇ ಪ್ರಕಟವಾಯಿತು. ಮುಕ್ತಾಯ ಎಷ್ಟು ಜನರಿಗೆ ಹಿಡಿಸಿತು ಎಂಬುದು ಬೇರೆ ಮಾತು, ಆ ಜಗಳ ಇವತ್ತಿಗೂ ನಿಂತಿಲ್ಲ. ಅದಕ್ಕೂ ಹಿಂದೆ, 1990ರಲ್ಲಿ, ಒಂದು ಕೊಲೆಯ ಸುತ್ತ ಹೆಣೆದ ‘ಟ್ವಿನ್ ಪೀಕ್ಸ್’ ಎಂಬ ಸರಣಿಯಲ್ಲಿ ಉಲ್ಟಾ ಆಗಿತ್ತು. ಕೊಲೆಗಾರ ಯಾರೆಂದು ಹೇಳುವ ಮನಸ್ಸು ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಡೇವಿಡ್ ಲಿಂಚ್ ಅವರಿಗೆ ಇರಲಿಲ್ಲ. ವಾಹಿನಿಯ ಒತ್ತಡಕ್ಕೆ ಎರಡನೆಯ ಸೀಸನ್ನಿನ ನಡುವೆಯೇ ಹೇಳಿಸಲಾಯಿತು, ನೋಡುಗರು ಕರಗಿದರು, 1991ರಲ್ಲಿ ಸರಣಿ ನಿಂತಿತು. 2011ರ ‘ದಿ ಕಿಲ್ಲಿಂಗ್’ ಇನ್ನೂ ಸ್ಪಷ್ಟವಾದ ಉದಾಹರಣೆ. ಅದರ ಮೂಲವಾದ ಡೆನ್ಮಾರ್ಕಿನ ಸರಣಿ ಒಂದು ಕೊಲೆಯ ತನಿಖೆಯನ್ನು ಮೊದಲ ಸೀಸನ್ನಿನ 20 ಕಂತುಗಳಲ್ಲಿ ಪೂರ್ತಿ ಮುಗಿಸಿತ್ತು. ಅಮೆರಿಕದ ರೂಪಾಂತರ ಮೊದಲ ಸೀಸನ್ನಿನ ಕೊನೆಯಲ್ಲಿ ಕೊಲೆಗಾರನನ್ನು ತೋರಿಸದೆ ಮುಂದಿನ ವರ್ಷಕ್ಕೆ ಎಳೆಯಿತು. ಉತ್ತರ ಸಿಕ್ಕಿತು, ಆದರೆ 2012ರಲ್ಲಿ. ಅಷ್ಟು ಹೊತ್ತಿಗೆ ಸಿಟ್ಟಾಗಿ ಎದ್ದುಹೋದವರು ತುಂಬ ಜನ.

ಒಟಿಟಿ ಬಂದ ಮೇಲೆ ಇದು ಸುಧಾರಿಸಬೇಕಿತ್ತು, ಸುಧಾರಿಸಿಲ್ಲ. ಜರ್ಮನಿಯ ‘ಡಾರ್ಕ್’ ಸರಣಿಯನ್ನು ನಾನು ಯಾರಿಗೂ ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ನಾಲ್ಕು ಮನೆತನಗಳ ವಂಶವೃಕ್ಷವನ್ನು ಬರೆದುಕೊಂಡು ನೋಡಬೇಕಾದಷ್ಟು ಜಟಿಲವಾದ ಕಥೆ ಅದು, ಆದರೆ ಮೂರು ಸೀಸನ್‌ಗಳಲ್ಲಿ, 26 ಕಂತುಗಳಲ್ಲಿ, 2017ರಿಂದ 2020ರೊಳಗೆ, ತಾನು ಎತ್ತಿದ ಮುಖ್ಯ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಮುಗಿದಿದೆ. ಅದನ್ನು ಮಾಡಿದ ಬಾರಾನ್ ಬೋ ಓಡಾರ್ ಮತ್ತು ಯಾಂಟ್ಯೆ ಫ್ರೀಜ಼ ಅವರೇ 2022ರ ನವೆಂಬರಿನಲ್ಲಿ ‘1899’ ಎಂಬ ಹಡಗಿನ ಕಥೆಯನ್ನು ತಂದರು. ಅದಕ್ಕೂ ಮೂರು ಸೀಸನ್‌ಗಳ ಯೋಜನೆ ಅವರಲ್ಲಿತ್ತು. ಎಂಟು ಕಂತು ಬಂದು, 2023ರ ಜನವರಿಯ ಮೊದಲ ವಾರದಲ್ಲೇ ನೆಟ್‌ಫ್ಲಿಕ್ಸ್ ಅದನ್ನು ರದ್ದುಮಾಡಿತು. ಅದೇ ಬರಹಗಾರರು, ಅದೇ ಪ್ರತಿಭೆ, ಅದೇ ಸಂಸ್ಥೆ. ಒಂದು ಕಥೆ ದಡ ಸೇರಿತು, ಇನ್ನೊಂದು ಸೇರಲಿಲ್ಲ. ಆದ್ದರಿಂದ ‘ಇವರು ಮಾಡಿದ್ದಾರೆಂದರೆ ಚೆನ್ನಾಗಿಯೇ ಮುಗಿಸುತ್ತಾರೆ’ ಎಂಬ ಭರವಸೆಯ ಮೇಲೆ ಶುರುಮಾಡುವುದೂ ಸಾಲದು.

ನಮ್ಮ ದೇಶದವರಿಗೆ ಇನ್ನೂ ಒಂದು ತೊಡಕಿದೆ. 2023ರ ಮಾರ್ಚ್ 31ರಿಂದ ಅಮೆರಿಕದ ವಾಹಿನಿಯಾದ ಎಚ್‌ಬಿಒ ಕಾರ್ಯಕ್ರಮಗಳು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಲ್ಲಿ ಸಿಗದಾದವು, ಮುಂದೆ ಜಿಯೋಸಿನಿಮಾದಲ್ಲಿ ಕಾಣಿಸಿಕೊಂಡವು. ಒಂದು ಕಡೆ ವರ್ಷದ ಚಂದಾ ಕಟ್ಟಿ ನೋಡುತ್ತಿದ್ದವರ ಸರಣಿ ಅರ್ಧದಲ್ಲಿ ಇನ್ನೊಂದು ಕಡೆಗೆ ಹೋಯಿತು. ಅದೇ ಎಚ್‌ಬಿಒ ‘ವೆಸ್ಟ್‌ವರ್ಲ್ಡ್’ ಸರಣಿಯನ್ನು ನಾಲ್ಕು ಸೀಸನ್‌ಗಳ ನಂತರ, ಐದನೆಯದನ್ನು ಮಾಡಿ ಕಥೆ ಮುಗಿಸುವ ಆಸೆ ತಯಾರಕರಿಗೆ ಇದ್ದಾಗಲೇ, 2022ರ ನವೆಂಬರಿನಲ್ಲಿ ನಿಲ್ಲಿಸಿತು. ಹಾಗೆಯೇ, ಮುಂದುವರಿಯುತ್ತಿರುವ ಸರಣಿಯಾದರೂ ಎಷ್ಟು ಕಾಯಬೇಕೆಂಬ ಲೆಕ್ಕವಿರಲಿ. ‘ಸೆವೆರೆನ್ಸ್’ ಎಂಬ ಸರಣಿ ತನ್ನ ಮೊದಲ ಸೀಸನ್ನನ್ನು ಅತ್ಯಂತ ಬಿಗಿಯಾದ ಘಳಿಗೆಯಲ್ಲಿ 2022ರ ಏಪ್ರಿಲ್‌ನಲ್ಲಿ ನಿಲ್ಲಿಸಿ, ಮುಂದಿನ ಕಂತನ್ನು ತೋರಿಸಿದ್ದು 2025ರ ಜನವರಿಯಲ್ಲಿ. ನಡುವೆ 2023ರ ಬರಹಗಾರರ ಮತ್ತು ನಟರ ಮುಷ್ಕರಗಳೂ ಬಂದವು, ಅದು ಅವರ ನ್ಯಾಯವಾದ ಹೋರಾಟ. ಆದರೂ ವಯಸ್ಸಾದವರ ಜೊತೆ ಕೂತು ನೋಡುವವರಿಗೆ ಮೂರು ವರ್ಷವೆಂದರೆ ಸಣ್ಣ ಅವಧಿಯಲ್ಲ. ಪಾತ್ರಗಳ ಹೆಸರೂ ನೆನಪಿರುವುದಿಲ್ಲ.

ರಹಸ್ಯ ಬಿಡಿಸದ ಸರಣಿಗಳೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. 2014ರಿಂದ 2017ರವರೆಗೆ ಬಂದ ‘ದಿ ಲೆಫ್ಟೋವರ್ಸ್’ನಲ್ಲಿ ಜಗತ್ತಿನ ಜನಸಂಖ್ಯೆಯ ಶೇಕಡ 2ರಷ್ಟು ಜನ ಒಂದು ದಿನ ಇದ್ದಕ್ಕಿದ್ದಂತೆ ಮಾಯವಾಗುತ್ತಾರೆ. ಅದಕ್ಕೆ ಕಾರಣವನ್ನು ವಿವರಿಸುವುದು ತಮ್ಮ ಉದ್ದೇಶವಲ್ಲವೆಂದು ತಯಾರಕರು ಮೊದಲಿನಿಂದಲೇ ಹೇಳಿದ್ದರು. ಕಥೆ ಇರುವುದು ಉಳಿದವರ ದುಃಖದ ಬಗ್ಗೆ. ಆ ಪ್ರಾಮಾಣಿಕತೆಯಿಂದಾಗಿ ನೋಡುಗನ ಮನಸ್ಸು ಸುಳಿವುಗಳ ಹಿಂದೆ ಓಡದೆ ಮನುಷ್ಯರ ಹತ್ತಿರ ನಿಲ್ಲುತ್ತದೆ, ಮತ್ತು 28 ಕಂತುಗಳಲ್ಲಿ ಅದು ತನ್ನಿಷ್ಟದಂತೆ ಮುಗಿಯಿತು. ಉತ್ತರ ಕೊಡದಿರುವುದು ತಪ್ಪಲ್ಲ. ಉತ್ತರ ಕೊಡುತ್ತೇವೆಂದು ಪ್ರತಿ ಕಂತಿನ ಕೊನೆಯಲ್ಲೂ ಆಸೆ ಹುಟ್ಟಿಸಿ ಕೊಡದಿರುವುದು ತಪ್ಪು. ಇಲ್ಲೇ ನಮ್ಮಲ್ಲೇ ತೊಂಬತ್ತರ ದಶಕದ ಆರಂಭದಲ್ಲಿ ದೂರದರ್ಶನ ‘ಗುಡ್ಡದ ಭೂತ’ವನ್ನು ತೋರಿಸಿತ್ತು. ಸದಾನಂದ ಸುವರ್ಣರ ಆ ಧಾರಾವಾಹಿ ಕೆಲವೇ ಕಂತುಗಳಲ್ಲಿ ಹೆದರಿಸಿ, ಕಾಡಿ, ಕಥೆಯನ್ನು ಮುಗಿಸಿಕೊಟ್ಟಿತು. ಅದನ್ನು ನೋಡಿದವರು ಇವತ್ತಿಗೂ ಅಭಿಮಾನದಿಂದ ನೆನೆಯುತ್ತಾರೆ. ಚಿಕ್ಕದಾಗಿ, ಮುಗಿಸಿ ಹೇಳಿದ ರಹಸ್ಯಕ್ಕೆ ಅಷ್ಟು ಆಯುಷ್ಯವಿದೆ.

ಹೊಸ ಸರಣಿಯೊಂದನ್ನು ಶುರುಮಾಡಿಯೇ ಬಿಟ್ಟಿದ್ದೀರಿ ಎಂದುಕೊಳ್ಳಿ. ಮೂರನೆಯ ಕಂತಿನ ಹೊತ್ತಿಗೆ ನೋಡಬೇಕಾದದ್ದು ಒಂದೆರಡು ಸಂಗತಿ. ಮೊದಲ ಕಂತಿನಲ್ಲಿ ಎದ್ದ ಸಣ್ಣ ಪ್ರಶ್ನೆಗಳಲ್ಲಿ ಒಂದಕ್ಕಾದರೂ ನೇರ ಉತ್ತರ ಸಿಕ್ಕಿದೆಯೇ? ಒಳ್ಳೆಯ ಬರಹಗಾರರು ದೊಡ್ಡ ಸಾಲ ಕೇಳುವ ಮೊದಲು ಸಣ್ಣ ಸಾಲವನ್ನು ತೀರಿಸಿ ತೋರಿಸುತ್ತಾರೆ. ಇನ್ನೊಂದು, ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು: ಪಾತ್ರಗಳು ಒಬ್ಬರನ್ನೊಬ್ಬರು ಸಹಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಕೇಳುತ್ತಾರೆಯೇ? ಗಂಡ ರಾತ್ರಿ ರಕ್ತ ಮೆತ್ತಿದ ಅಂಗಿಯಲ್ಲಿ ಮನೆಗೆ ಬಂದರೆ ಯಾವ ಹೆಂಡತಿಯೂ ‘ಏನಾಯಿತು’ ಎಂದು ಕೇಳದೆ ಇರುವುದಿಲ್ಲ. ನಮ್ಮ ಸರಣಿಯಲ್ಲಿ ಆಕೆ ಕೇಳಲಿಲ್ಲ. ಅವನನ್ನು ನೋಡಿ ಕಿಟಕಿಯ ಕಡೆ ತಿರುಗಿದಳು, ಸಂಗೀತ ಏರಿತು, ಕಂತು ಮುಗಿಯಿತು. ಅಮ್ಮ ಆಗಲೇ, ‘ಇವಳು ಕೇಳಿಬಿಟ್ಟರೆ ಕಥೆ ಇವತ್ತೇ ಮುಗಿದುಹೋಗುತ್ತೆ, ಅದಕ್ಕೇ ಕೇಳಿಸ್ತಿಲ್ಲ’ ಎಂದಿದ್ದರು. ಜನ ಬಾಯಿ ಮುಚ್ಚಿಕೊಂಡಿರುವುದರಿಂದಲೇ ಉಳಿದಿರುವ ರಹಸ್ಯ ರಹಸ್ಯವಲ್ಲ, ಎಳೆತ. ಅಂಥದ್ದು ಎರಡು ಸಲ ಕಂಡರೆ ಅಲ್ಲಿಗೇ ನಿಲ್ಲಿಸಬಹುದು. ‘ನಾಲ್ಕು ಎಪಿಸೋಡ್ ತಡ್ಕೊಳ್ಳಿ’ ಎನ್ನುವ ಸ್ನೇಹಿತರು ಕೆಟ್ಟವರಲ್ಲ, ಅವರೂ ಆಗಿನ್ನೂ ಕೊನೆಯನ್ನು ನೋಡಿರುವುದಿಲ್ಲ.

ಕಥೆ ಮುಗಿದಿದೆಯೇ ಎಂದು ತಿಳಿಯಲು ಕೊನೆಯನ್ನು ಓದಿ ರುಚಿ ಕೆಡಿಸಿಕೊಳ್ಳಬೇಕಾಗಿಲ್ಲ. ಸರಣಿಯ ವಿಕಿಪೀಡಿಯ ಪುಟದ ಮೊದಲ ಪ್ಯಾರಾದಲ್ಲಿ ಎಷ್ಟು ಸೀಸನ್ ಬಂದಿವೆ, ಕೊನೆಯದೆಂದು ಪ್ರಕಟಿಸಿ ಮುಗಿಸಿದರೋ ರದ್ದಾಯಿತೋ ಎಂಬುದು ಸಾಮಾನ್ಯವಾಗಿ ಇರುತ್ತದೆ. ಅಷ್ಟು ಓದಿ ಪುಟ ಮುಚ್ಚಿಬಿಡಿ. ಒಂದೇ ಸೀಸನ್ನಿಗೆಂದೇ ಬರೆದ ಸೀಮಿತ ಸರಣಿಯಾದರೆ ಅಪಾಯ ಬಹಳ ಕಡಿಮೆ.

ದುಡ್ಡಿನ ವಿಷಯ. ಒಂದು ಸರಣಿಗಾಗಿ ಚಂದಾ ಮಾಡುವುದಾದರೆ ಅದು ಪೂರ್ತಿ ಬಂದ ಮೇಲೆ ಒಂದು ತಿಂಗಳ ಪ್ಲಾನ್ ಸಾಕು, ತಿಂಗಳಿಗೆ ಎಷ್ಟೇ ದುಬಾರಿ ಕಂಡರೂ. ಯುಪಿಐ ಅಥವಾ ಕಾರ್ಡಿನ ಮೂಲಕ ಕಟ್ಟಿದಾಗ ಹೆಚ್ಚಿನ ಕಡೆ ಆಟೋಪೇ, ಅಂದರೆ ಮುಂದಿನ ಸಲದ ಹಣ ತಾನಾಗಿಯೇ ಕಡಿತವಾಗುವ ವ್ಯವಸ್ಥೆ ಕೂಡ ಶುರುವಾಗಿರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ಸಲ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು. ಆದರೆ ₹15,000ದೊಳಗಿನ ಇಂಥ ಕಡಿತಗಳಿಗೆ ಪ್ರತಿ ಸಲ ಒಟಿಪಿ ಬೇಕಿಲ್ಲವಾದ್ದರಿಂದ, ಆ ಸಂದೇಶ ಉಳಿದ ನೂರು ಸಂದೇಶಗಳ ನಡುವೆ ಕಣ್ತಪ್ಪಿದರೆ ವರ್ಷದ ಹಣ ತಾನಾಗಿಯೇ ಹೋಗಿರುತ್ತದೆ. ನಿಮ್ಮ ಯುಪಿಐ ಆ್ಯಪಿನಲ್ಲಿ ಆಟೋಪೇ ವಿಭಾಗಕ್ಕೆ ಹೋಗಿ ಕಡಿತಕ್ಕೆ ಕೊಟ್ಟ ಒಪ್ಪಿಗೆಯನ್ನು (ಮ್ಯಾಂಡೇಟ್) ಹಣ ಕಟ್ಟಿದ ದಿನವೇ ರದ್ದುಮಾಡಬಹುದು. ಹಾಗೆ ಮಾಡಿದರೂ ಕಟ್ಟಿದ ಅವಧಿ ಮುಗಿಯುವವರೆಗೆ ಸೇವೆ ಸಾಮಾನ್ಯವಾಗಿ ಮುಂದುವರಿಯುತ್ತದೆ. ನಮ್ಮದನ್ನು ಅಮ್ಮನೇ ಎದುರಿಗೆ ಕೂತು ರದ್ದುಮಾಡಿಸಿದರು. ಈಗ ನಾವು ‘ಡಾರ್ಕ್’ ನೋಡುತ್ತಿದ್ದೇವೆ, ಎರಡನೆಯ ಸೀಸನ್ನಿನಲ್ಲಿದ್ದೇವೆ.