ಅಪರೂಪಕ್ಕೆ ಬರೆಯುವವರಿಗಾಗಿ ಮೂರು ಫೀಡ್ ರೀಡರ್‌ಗಳನ್ನು ಬಳಸಿ ನೋಡಿದೆ

ನಾನು ಓದುವ ಕನ್ನಡ ತಾಣಗಳು ಅರುವತ್ತರ ಹತ್ತಿರ. ಅವುಗಳಲ್ಲಿ ಅರ್ಧದಷ್ಟು ಎರಡು ಮೂರು ತಿಂಗಳಿಗೊಮ್ಮೆ ಹೊಸ ಬರಹ ಹಾಕುವಂಥವು. ನನಗೆ ತುಂಬ ಬೇಕಾದವರು ಇವರೇ. ಹೊಸದೇನಾದರೂ ಬಂದಿದೆಯೇ ಎಂದು ದಿನವೂ ಹೋಗಿ ನೋಡುವುದು ಆಗದ ಮಾತು. ಫೇಸ್‌ಬುಕ್ಕಿನಲ್ಲಿ ಇವರ ಬರಹ ಸಂಜೆಯೊಳಗೆ ಮುಳುಗಿಹೋಗಿರುತ್ತದೆ. ಅದಕ್ಕೇ ಒಂದೇ ಪಟ್ಟಿಯನ್ನು ಮೂರು ಫೀಡ್ ರೀಡರ್‌ಗಳಿಗೆ ಹಾಕಿ ಕೆಲವು ತಿಂಗಳು ಓದಿದೆ. ಫೀಡ್ ಎಂದರೆ ತಾಣವೊಂದು ತನ್ನ ಇತ್ತೀಚಿನ ಬರಹಗಳನ್ನು ಬೇರೆ ತಂತ್ರಾಂಶಗಳು ಓದಲೆಂದು ಕೊಡುವ ಪಟ್ಟಿ; ಹಲವು ತಾಣಗಳ ಫೀಡುಗಳನ್ನು ತಂದು ಒಂದೇ ಕಡೆ ತೋರಿಸುವುದು ಫೀಡ್ ರೀಡರ್.

ಮೊದಲನೆಯದು ಫೀಡ್ಲಿ. 2013ರ ಜುಲೈ 1ರಂದು ಗೂಗಲ್ ರೀಡರ್ ಮುಚ್ಚಿದಾಗ ಬಹಳ ಜನ ಬಂದು ಸೇರಿದ್ದು ಇಲ್ಲಿಗೆ. ಉಚಿತ ಖಾತೆಯಲ್ಲಿ 100 ತಾಣಗಳಿಗೆ ಜಾಗವಿದೆ. ಫೀಡುಗಳನ್ನು ತರುವುದು ಅವರ ಸರ್ವರ್; ನನ್ನ ಮೊಬೈಲ್ ವಾರಗಟ್ಟಲೆ ಆಫ್ ಆಗಿದ್ದರೂ ಕೆಲಸ ನಿಲ್ಲುವುದಿಲ್ಲ. ಇದು ಸಣ್ಣ ಅನುಕೂಲವಲ್ಲ. ಬ್ಲಾಗು, ಸುದ್ದಿತಾಣ ನಡೆಸಲು ಹಲವರು ಬಳಸುವ ವರ್ಡ್‌ಪ್ರೆಸ್‌ನ ತಾಣವಾದರೆ ಅದರ ಫೀಡಿನಲ್ಲಿ ಸಾಮಾನ್ಯವಾಗಿ ಇತ್ತೀಚಿನ 10 ಬರಹಗಳಷ್ಟೇ ಇರುತ್ತವೆ. ದಿನಕ್ಕೆ ಹದಿನೈದು ಸುದ್ದಿ ಹಾಕುವ ತಾಣವಾದರೆ ಬೆಳಗಿನದು ರಾತ್ರಿಯ ಹೊತ್ತಿಗೆ ಫೀಡಿನಿಂದ ಜಾರಿರುತ್ತದೆ; ಅಷ್ಟರೊಳಗೆ ತಂದಿಟ್ಟುಕೊಳ್ಳದಿದ್ದರೆ ತಪ್ಪಿಹೋಗುತ್ತದೆ. ಆದರೆ ಸುಮಾರು ಒಂದು ತಿಂಗಳು ದಾಟಿದ ಬರಹವನ್ನು ಫೀಡ್ಲಿ ಓದಿಯಾಯಿತೆಂದೇ ಗುರುತಿಸುತ್ತದೆ. ಸುದ್ದಿಗೆ ಅದು ಸರಿ. ಬಿಡುವು ಸಿಕ್ಕಾಗ ಓದೋಣವೆಂದು ಎತ್ತಿಟ್ಟ ಪ್ರಬಂಧಕ್ಕೆ ಒಗ್ಗುವುದಿಲ್ಲ.

ಎರಡನೆಯದು ಫೀಡರ್ ಎಂಬ ಆಂಡ್ರಾಯ್ಡ್ ಆ್ಯಪ್. ಇದಕ್ಕೆ ಖಾತೆ ಬೇಡ, ಹಣ ಬೇಡ, ಜಾಹೀರಾತೂ ಇಲ್ಲ. ಮೊಬೈಲೇ ನೇರವಾಗಿ ಪ್ರತಿ ತಾಣಕ್ಕೆ ಹೋಗಿ ಹೊಸದನ್ನು ತರುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿಯಲ್ಲಿ ಸಿಗ್ನಲ್ ಹೋದರೂ, ಮೊದಲೇ ಇಳಿಸಿಕೊಂಡ ಬರಹಗಳನ್ನು ಓದುತ್ತಾ ಕೂರಬಹುದು. ಮೊಬೈಲ್ ಕಳೆದರೆ ಪಟ್ಟಿಯೂ ಹೋಯಿತು. ಹಾಗಾಗಿ ತಾಣಗಳ ಪಟ್ಟಿಯಿರುವ ಒಪಿಎಂಎಲ್ ಕಡತವನ್ನು ಬೇರೆಡೆ ಉಳಿಸಿಡಲೇಬೇಕು.

ನನ್ನ ಮನಸ್ಸು ನಿಂತದ್ದು ಥಂಡರ್‌ಬರ್ಡ್‌ನಲ್ಲಿ. ಇಮೇಲಿಗೆಂದು ಅನೇಕರು ಬಳಸುವ ಈ ತಂತ್ರಾಂಶದಲ್ಲಿ ಫೀಡಿಗೂ ಖಾತೆ ತೆರೆಯಬಹುದೆಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಒಂದೊಂದು ತಾಣಕ್ಕೆ ಒಂದೊಂದು ಫೋಲ್ಡರ್. ಬರಹ ಅಂಚೆಯಂತೆ ಬಂದು ಬೀಳುತ್ತದೆ, ನಾನಾಗಿ ಅಳಿಸದಿದ್ದರೆ ನನ್ನ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ತಾಣದ ಫೀಡನ್ನು ಸೇರಿಸುವಾಗ ವೆಬ್ ಪುಟದ ಬದಲು ಸಾರಾಂಶ ತೋರಿಸುವ ಆಯ್ಕೆಗೆ ಗುರುತು ಹಾಕಿ. ಹೆಸರು ಸಾರಾಂಶವಾದರೂ ಫೀಡಿನಲ್ಲಿ ಪೂರ್ತಿ ಬರಹವಿದ್ದರೆ ಪೂರ್ತಿಯೇ ಕಾಣುತ್ತದೆ. ಹಳ್ಳಿಯ ಕೆರೆಗಳ ಬಗ್ಗೆ ಬರೆಯುತ್ತಿದ್ದ ಒಬ್ಬರ ತಾಣ ಈಗ ಇಲ್ಲ. ಅವರ ಹನ್ನೊಂದು ಬರಹಗಳು ನನ್ನ ಫೋಲ್ಡರಿನಲ್ಲಿವೆ. ಮೊನ್ನೆಯೂ ಒಂದನ್ನು ತೆರೆದು ಓದಿದೆ. ಮೊಬೈಲಿನಲ್ಲಿ ಎಲ್ಲಿಯವರೆಗೆ ಓದಿದ್ದೆ ಎಂಬುದು ಥಂಡರ್‌ಬರ್ಡ್‌ಗೆ ತಿಳಿಯುವುದಿಲ್ಲ. ಆ ಕೊರತೆಯನ್ನು ನಾನು ಒಪ್ಪಿಕೊಂಡಿದ್ದೇನೆ. ಸುದ್ದಿ ತಾಣಗಳನ್ನು ಮಾತ್ರ ಫೀಡ್ಲಿಯಲ್ಲೇ ಬಿಟ್ಟಿದ್ದೇನೆ.

ಕೆಲವು ಫೀಡುಗಳಲ್ಲಿ ಮೊದಲ ನಾಲ್ಕು ಸಾಲು ಮಾತ್ರ ಬರುತ್ತವೆ. ಅಂಥಲ್ಲಿ ಥಂಡರ್‌ಬರ್ಡ್ ಉಳಿಸುವುದೂ ಆ ನಾಲ್ಕೇ ಸಾಲು. ನೀವು ವರ್ಡ್‌ಪ್ರೆಸ್‌ನಲ್ಲಿ ಬರೆಯುವವರಾದರೆ ಸೆಟ್ಟಿಂಗ್ಸ್‌ನ ರೀಡಿಂಗ್ ಪುಟಕ್ಕೆ ಹೋಗಿ, ಫೀಡಿನಲ್ಲಿ ಪೂರ್ಣ ಪಠ್ಯ ಹೋಗುವಂತೆ ದಯವಿಟ್ಟು ಬದಲಾಯಿಸಿ.