ಸ್ಟೀಲ್ ಟೋ ಇರುವ ಶೂ "ಹಿಗ್ಗಿಸಿ ಕೊಡ್ತೀವಿ" ಅಂದರೆ ದಯವಿಟ್ಟು ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ. ಕಾರ್ಖಾನೆಯಲ್ಲಿ ಹಾಕುವ, ಬೆರಳಿನ ಮುಂದೆ ಸ್ಟೀಲ್ ಕ್ಯಾಪ್ ಇರುವ ಸೇಫ್ಟಿ ಶೂ ಬಿಗಿಯಾಗಿದ್ದರೆ ಕೊಳ್ಳಬೇಡಿ. ಅಂಗಡಿಯವರು "ಚರ್ಮ ಅಲ್ವಾ, ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಅಂದರೂ ಕೊಳ್ಳಬೇಡಿ. "ಮೆಷಿನ್‌ಗೆ ಹಾಕಿ ಅಗಲ ಮಾಡಿಕೊಡ್ತೀವಿ" ಅಂದರಂತೂ ಅಲ್ಲಿಂದ ಎದ್ದು ಬನ್ನಿ. ನಾನು ಎದ್ದು ಬರಲಿಲ್ಲ. 3,150 ರೂಪಾಯಿ ಹೋಯಿತು. ಎಡಗಾಲಿನ ಕಿರುಬೆರಳಿನ ಉಗುರೂ ಹೋಯಿತು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಕ್ವಾಲಿಟಿ ವಿಭಾಗಕ್ಕೆ ಸೇರಿದ್ದೇನೆ. ಮೊದಲ ಕೆಲಸ. ಸೇಫ್ಟಿ ಶೂ ಇಲ್ಲದೆ ಶಾಪ್ ಫ್ಲೋರ್‌ಗೆ ಬಿಡುವುದಿಲ್ಲ. ಶೂ ನೀವೇ ತಗೊಳ್ಳಿ, ಬಿಲ್ ಕೊಟ್ಟರೆ 2,000 ರೂಪಾಯಿವರೆಗೆ ವಾಪಸ್ ಕೊಡುತ್ತೇವೆ ಅಂದರು. ಸೋಮವಾರ ಸೇರಬೇಕು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಗೆ ಹೋದೆ. ಹೆಂಗಸರ ಅಳತೆಯ ಸೇಫ್ಟಿ ಶೂ ಸುಲಭವಾಗಿ ಸಿಗುವುದಿಲ್ಲ, ಈ ಕೆಲಸ ಮಾಡುವ ಹುಡುಗಿಯರಿಗೆ ಇದು ಗೊತ್ತೇ ಇರುತ್ತದೆ. ಗಂಡಸರ ಶೂನಲ್ಲೇ ಸಣ್ಣದು ಹುಡುಕಬೇಕು.

ಪಾದದ ಗಂಟು ಮುಚ್ಚುವ, ಕಪ್ಪು ಚರ್ಮದ ಬೂಟು ತೋರಿಸಿದರು. 2,350 ರೂಪಾಯಿ. 6ನೇ ನಂಬರ್ ಹಾಕಿ ನೋಡಿದೆ. ಉದ್ದ ಪರವಾಗಿಲ್ಲ, ಆದರೆ ಮುಂದೆ ಬೆರಳುಗಳು ಒಂದರ ಮೇಲೊಂದು ಹತ್ತಿದ ಹಾಗೆ ಇತ್ತು. 7 ಕೊಡಿ ಅಂದೆ. ಕೆಲಸದ ಹುಡುಗ "ಅಣ್ಣ, ಏಳು ಗುರುವಾರ ಬರುತ್ತೆ ಅಲ್ವಾ" ಅಂತ ಶುರು ಮಾಡಿದ. ಮಾಲೀಕರು ಅವನನ್ನು ಟೀ ತರೋಕೆ ಕಳಿಸಿದರು. ಆಗ ನನಗೆ ಏನೂ ಅನ್ನಿಸಲಿಲ್ಲ. ಈಗ ಅನ್ನಿಸುತ್ತಿದೆ. ದಿನಾ ಅನ್ನಿಸುತ್ತಿದೆ.

"ಮೇಡಂ, ಇದು ಒರಿಜಿನಲ್ ಲೆದರ್. ನಾಲ್ಕು ದಿನ ಹಾಕಿ, ನಿಮ್ಮ ಕಾಲಿನ ಥರಾನೇ ಆಗುತ್ತೆ. ಏಳು ತಗೊಂಡ್ರೆ ಆಮೇಲೆ ಲೂಸ್ ಆಗಿ ನೀವೇ ಬೈತೀರಾ."

ಹೊಸ ಚಪ್ಪಲಿ ಕಚ್ಚುತ್ತದೆ, ಆಮೇಲೆ ಸರಿಹೋಗುತ್ತದೆ. ಚಿಕ್ಕಂದಿನಿಂದ ಕೇಳಿದ ಮಾತು. ನಂಬಿದೆ. ದುಡ್ಡು ಕೊಟ್ಟೆ.

ಎಂಟು ಗಂಟೆ ನಿಂತುಕೊಂಡೇ ಮಾಡುವ ಕೆಲಸ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೇ ಎಡಗಾಲಿನ ಕಿರುಬೆರಳು ಉರಿಯಲು ಶುರುವಾಯಿತು. ಸಂಜೆ ಪಾದ ಊದಿಕೊಂಡಿತು. ದಾಸರಹಳ್ಳಿ ಮೆಟ್ರೋ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡು ಇಳಿದೆ. ಪಿಜಿಗೆ ಬಂದು ಸಾಕ್ಸ್ ತೆಗೆದರೆ ನೀರ್ಗುಳ್ಳೆ. ಅಮ್ಮ ತಿಪಟೂರಿನಿಂದ ಫೋನಿನಲ್ಲಿ "ಕೊಬ್ಬರಿ ಎಣ್ಣೆ ಹಚ್ಚು ಮಗಾ, ಮೆತ್ತಗಾಗುತ್ತೆ" ಅಂದರು. ಹಚ್ಚಿದೆ. ರಾತ್ರಿ ಒಳಗೆ ಪೇಪರ್ ತುರುಕಿ ಇಟ್ಟೆ. ದಪ್ಪ ಸಾಕ್ಸ್ ಹಾಕಿಕೊಂಡು ರೂಮಿನಲ್ಲೇ ಒಂದೊಂದು ಗಂಟೆ ಓಡಾಡಿದೆ. ನಾಲ್ಕು ದಿನ ಆಯಿತು. ಆರು ದಿನ ಆಯಿತು. ಮುಂದಿನ ಭಾಗ ಕಲ್ಲಿನ ಹಾಗೇ ಇತ್ತು.

ಮುಂದಿನ ಭಾನುವಾರ ಅಂಗಡಿಗೆ ವಾಪಸ್ ಹೋದೆ. ಬದಲಾಯಿಸಿ ಕೊಡಿ ಅಂದೆ.

"ಹಾಕಿದ ಶೂ ಹೆಂಗೆ ವಾಪಸ್ ತಗೊಳ್ಳೋದು ಮೇಡಂ? ಒಂದು ಕೆಲಸ ಮಾಡಿ, ಸ್ಟ್ರೆಚಿಂಗ್ ಮಾಡಿಸಿ. ನಮ್ಮ ಹತ್ರಾನೇ ಮೆಷಿನ್ ಇದೆ. 450 ರೂಪಾಯಿ. ಮಂಗಳವಾರ ರೆಡಿ. ಹೂವಿನ ಥರ ಆಗುತ್ತೆ."

ಕೊಟ್ಟೆ. ಎರಡು ದಿನ ಶಾಪ್‌ನಲ್ಲಿ ಇನ್ನೊಬ್ಬರ ಶೂ ಬೇಡಿ ತಗೊಂಡು ಹಾಕಿಕೊಂಡೆ. ಹೊಸದಾಗಿ ಸೇರಿದವಳು, ಸೂಪರ್‌ವೈಸರ್ ಮುಂದೆ ಎಷ್ಟು ನಾಚಿಕೆ ಆಯಿತು ಅಂತ ನನಗೇ ಗೊತ್ತು.

ಮಂಗಳವಾರ ಬೂಟು ಬಂತು. ಸ್ಪಿರಿಟ್ ವಾಸನೆ. ಮೇಲೆಲ್ಲಾ ಪಳಪಳ. ಹಾಕಿದರೆ ಹಿಮ್ಮಡಿ ಮತ್ತು ಪಾದದ ಮೇಲ್ಭಾಗ ಸಡಿಲ, ಮುಂದೆ ಅದೇ ಬಿಗಿ. ಎಲ್ಲಿ ಬೇಡವೋ ಅಲ್ಲಿ ಹಿಗ್ಗಿಸಿದ್ದರು. ಈಗ ನಡೆಯುವಾಗ ಹಿಮ್ಮಡಿ ಎದ್ದೆದ್ದು ಬಂದು ಅಲ್ಲೂ ಗುಳ್ಳೆ. ಫೋನ್ ಮಾಡಿದೆ.

"ಮೊದಲ ಸಲ ಹಂಗೇ ಮೇಡಂ. ಈಗ ಹೀಟ್ ಕೊಡಬೇಕು. ಇನ್ನೊಂದು 350 ಆಗುತ್ತೆ."

ಇಲ್ಲಿ ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಆಗಲೇ 2,800 ಹಾಕಿದ್ದೇನೆ, ಇನ್ನು 350ಕ್ಕೆ ಸರಿಹೋದರೆ ಸಾಕು ಅಂತ ಮನಸ್ಸು ಹೇಳಿತು. ಆದರೆ ಈ ಸಲ ಕೊಡುವ ಮೊದಲು ವರ್ನಿಯರ್ ಹಿಡಿದು ಅಳೆದೆ. ನನ್ನ ಕೆಲಸವೇ ಅಳೆಯುವುದು. ಎಡಗಾಲಿನ ಬೂಟು, ಬೆರಳುಗಳ ಹತ್ತಿರ ಹೊರಗಿನ ಅಗಲ 97.2 ಮಿಲಿಮೀಟರ್. ಬರೆದಿಟ್ಟುಕೊಂಡೆ.

ವಾಪಸ್ ಬಂದ ಮೇಲೆ ಅಳೆದೆ. 97.2. ಇನ್ನೊಮ್ಮೆ ಅಳೆದೆ. 97.2. ಬಲಗಾಲಿನದ್ದೂ ಇದ್ದಷ್ಟೇ. ಬದಲಾಗಿದ್ದು ಬೇರೆ. ಬೆರಳು ಮಡಚುವ ಜಾಗದಲ್ಲಿ ಚರ್ಮದ ಮೇಲಿನ ಬಣ್ಣದ ಪದರ ಬಿರುಕು ಬಿಟ್ಟಿತ್ತು. ಪಕ್ಕದಲ್ಲಿ ಸೋಲ್ ಬಾಯಿ ಬಿಡಲು ಶುರುವಾಗಿತ್ತು.

ಅವತ್ತು ಸಂಜೆ ಮೆಟ್ರೋ ಸ್ಟೇಷನ್ ಕೆಳಗೆ ಚಪ್ಪಲಿ ಹೊಲಿಯುವ ತಾತನ ಹತ್ತಿರ ಹೋದೆ. ಸೋಲ್ ಆದರೂ ಅಂಟಿಸಿಕೊಡಲಿ ಅಂತ. ಅವರು ಬೂಟು ಕೈಗೆ ತಗೊಂಡರು. ಮಡಚಿ ನೋಡಿದರು. ಏನಾಗಿದೆ ಅಂತ ಕೇಳಿದರು. ಹೇಳಿದೆ, ಎರಡು ಸಲ ಸ್ಟ್ರೆಚಿಂಗ್ ಮಾಡಿಸಿದೆ ತಾತ, ಮುಂದೆ ಹಿಗ್ಗಲೇ ಇಲ್ಲ.

ಅವರು ಸುತ್ತಿಗೆ ತಗೊಂಡು ಬೂಟಿನ ಮೂತಿಗೆ ಮೆಲ್ಲಗೆ ಒಂದು ಏಟು ಹೊಡೆದರು. ಟಣ್ ಅಂತು.

"ಒಳಗೆ ಕಬ್ಬಿಣ ಐತೆ ಕಣವ್ವಾ. ಕಬ್ಬಿಣ ಎಲ್ಲಾದ್ರೂ ಹಿಗ್ಗುತ್ತಾ?"

ನನಗೆ ಆ ಕ್ಷಣ ಹೇಗಾಯಿತು ಅಂತ ಬರೆಯಲು ಬರುತ್ತಿಲ್ಲ. ಸ್ಟೀಲ್ ಟೋ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಂಡಿದ್ದೆ. ಅದಕ್ಕೇ ಅಲ್ವಾ ಸೇಫ್ಟಿ ಶೂ ಅನ್ನೋದು. ಸ್ಟೀಲ್ ಬಗ್ಗೆ ಮೂರು ವರ್ಷ ಓದಿದ್ದೇನೆ. ಬಿಗಿ ಇದ್ದಿದ್ದು ಚರ್ಮ ಅಲ್ಲ, ಒಳಗಿನ ಲೋಹದ ಟೋಪಿ. ಅದರ ಹಿಂದಿನ ಅಂಚು ನನ್ನ ಕಿರುಬೆರಳಿನ ಬುಡಕ್ಕೇ ಬಂದು ಕೂತಿತ್ತು. ಎಷ್ಟು ಎಣ್ಣೆ ಹಚ್ಚಿದರೂ, ಎಷ್ಟು ಪೇಪರ್ ತುರುಕಿದರೂ, ಯಾವ ಮೆಷಿನ್‌ಗೆ ಹಾಕಿದರೂ ಅದು ಕದಲುವುದಿಲ್ಲ. ಇದು ನನಗೆ ಹೊಳೆಯಲಿಲ್ಲ. ಆದರೆ ದಿನಾ ಇದನ್ನೇ ಮಾರುವವರಿಗೆ ಗೊತ್ತಿರಲಿಲ್ಲವಾ? ಗೊತ್ತಿದ್ದೇ ಎರಡು ಸಲ ದುಡ್ಡು ತಗೊಂಡರು. ಗೊತ್ತಿದ್ದೇ.

ತಾತ ಅಂಟಿಸಲೂ ಒಪ್ಪಲಿಲ್ಲ. ಈ ಪಿಯು (ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್) ಸೋಲ್ ಹೊಲಿದದ್ದಲ್ಲ, ಅಚ್ಚಿನಲ್ಲಿ ಚರ್ಮಕ್ಕೇ ನೇರವಾಗಿ ಎರಕ ಹೊಯ್ದದ್ದು. ಬಿಸಿ ಕೊಟ್ಟು ಹಾಳು ಮಾಡಿದ್ದಾರೆ, ಅಂಟಿಸಿದರೂ ನಿಲ್ಲಲ್ಲ, ಸುಮ್ನೆ ದುಡ್ಡು ದಂಡ ಅಂದರು. ನನ್ನಿಂದ ಒಂದು ರೂಪಾಯಿ ತಗೊಳ್ಳಲಿಲ್ಲ. ಸಾದಾ ಚರ್ಮದ ಶೂ ಆಗಿದ್ದರೆ ಮರದ ಅಚ್ಚು ಹಾಕಿ ಎರಡು ದಿನ ಬಿಟ್ಟರೆ ಪಕ್ಕದಲ್ಲಿ ಸ್ವಲ್ಪ ಅಗಲ ಆಗುತ್ತದಂತೆ. ಉದ್ದ ಮಾತ್ರ ಆಗಲ್ಲವಂತೆ. ಮೆತ್ತನೆ ಚರ್ಮ ಬೇಗ ಬಗ್ಗುತ್ತದೆ. ಸೇಫ್ಟಿ ಶೂಗೆ ಹಾಕುವ ಈ ಗೆರೆ ಗೆರೆಯ ದಪ್ಪ ಚರ್ಮ, ಮೇಲೆ ಬಣ್ಣ ಬಳಿದದ್ದು, ಬಗ್ಗುವುದೇ ಕಡಿಮೆ. ಬಿಸಿ ಮಾಡಿದರೆ ಒಣಗಿ ಒಡೆಯುತ್ತದೆ. ರಸ್ತೆ ಬದಿ ಕೂತ ಅವರು ಹತ್ತು ನಿಮಿಷದಲ್ಲಿ ಇಷ್ಟು ಹೇಳಿದರು. ಎಸಿ ಅಂಗಡಿಯವರು ಒಂದು ಮಾತು ಹೇಳಲಿಲ್ಲ.

ಅಂಗಡಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ಬಿರುಕು, ಸೋಲ್, ವರ್ನಿಯರ್ ಇಟ್ಟು ತೆಗೆದದ್ದು, ಎಲ್ಲಾ. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಮಾರನೇ ದಿನ ಮತ್ತೆ ಕಳಿಸಿದೆ. ಆಗ ಬಂದ ಉತ್ತರಗಳು ಇವು.

"ನಿಮ್ಮ ಕಾಲು ಅಗಲ ಮೇಡಂ. ಶೂ ಸರಿಯಾಗೇ ಇದೆ."

"ಲೇಡೀಸ್ ಜೆಂಟ್ಸ್ ಶೂ ಹಾಕಿದ್ರೆ ಹಂಗೇ ಆಗೋದು."

"ನೀವು ಎಣ್ಣೆ ಹಚ್ಚಿದ್ದೀರಾ, ಅದಕ್ಕೇ ಕ್ರ್ಯಾಕ್."

ಸ್ಟೀಲ್ ಹಿಗ್ಗಲ್ಲ ಅಂತ ನಿಮಗೆ ಗೊತ್ತಿತ್ತಾ ಇಲ್ವಾ ಅಂತ ನೇರವಾಗಿ ಕೇಳಿದೆ. ಅದಕ್ಕೆ ಬಂದ ಉತ್ತರ ಓದಿ ನನ್ನ ಕೈ ನಡುಗಿತು. "ಬೇಕಾದ್ರೆ ತಂದುಕೊಡಿ, ಕ್ಯಾಪ್ ಸ್ವಲ್ಪ ಬಡಿದು ಅಗಲ ಮಾಡಿಸ್ತೀನಿ, ಫ್ರೀ."

ಆ ಕ್ಯಾಪ್ ಯಾಕೆ ಇದೆ? ಸೇಫ್ಟಿ ಶೂಗೆ ಐಎಸ್ 15298 ಅನ್ನುವ ಭಾರತೀಯ ಮಾನದಂಡ ಇದೆ. ಅದರ ಎರಡನೇ ಭಾಗದ ಪ್ರಕಾರ ಮುಂದಿನ ಕ್ಯಾಪ್ 200 ಜೌಲ್ ಹೊಡೆತ ತಡೆಯಬೇಕು. ಅಂದರೆ ಸುಮಾರು 20 ಕೆಜಿ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ನಮ್ಮ ಶಾಪ್‌ನಲ್ಲಿ ಅಷ್ಟು ತೂಕದ ಜಾಬ್‌ಗಳನ್ನು, ಅಂದರೆ ಮೆಷಿನ್‌ಗೆ ಹಾಕುವ ಲೋಹದ ತುಂಡುಗಳನ್ನು, ದಿನಾ ಎತ್ತುತ್ತಾರೆ. ಬಡಿದು ಅಗಲ ಮಾಡಿದ ಕ್ಯಾಪ್ ಆ ಹೊಡೆತ ತಡೆಯುತ್ತದೆ ಅಂತ ಯಾರು ಹೇಳಬೇಕು? ಫ್ರೀ ಅಂತೆ. ಫ್ರೀಯಾಗಿ ನನ್ನ ಬೆರಳು ಹೋಗಲಿ ಅಂತಾನಾ?

"ನಿಮ್ಮ ಕಾಲು ಅಗಲ" ಅನ್ನುವ ಮಾತು ಇನ್ನೂ ಚುಚ್ಚುತ್ತಿದೆ. ಅದಕ್ಕೂ ಉತ್ತರ ಇದೆ. ನಾವು ಕೊಳ್ಳುವ ಸೈಜು ಹೆಚ್ಚಾಗಿ ಬ್ರಿಟನ್ನಿನ ಲೆಕ್ಕದ್ದು. ಅದು ಉದ್ದದ ಲೆಕ್ಕ, ಅಗಲದ್ದಲ್ಲ. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದ ಉದ್ದಗಲಕ್ಕೂ ಒಂದು ಲಕ್ಷಕ್ಕೂ ಜಾಸ್ತಿ ಜನರ ಪಾದ ಅಳೆದಿದ್ದಾರೆ. ನಮ್ಮವರ ಪಾದ ಯೂರೋಪಿನವರಿಗಿಂತ ಅಗಲ ಅಂತ ಕಂಡುಬಂದು, ನಮಗೇ ಬೇರೆ ಸೈಜು ಬೇಕು ಅಂತ 'ಭಾ' ಅನ್ನುವ ಪದ್ಧತಿ ಸೂಚಿಸಿದ್ದಾರೆ. ನನ್ನ ಕಾಲಿನಲ್ಲಿ ದೋಷ ಇಲ್ಲ. ನನ್ನಂಥ ಕಾಲು ಈ ಊರಿನಲ್ಲಿ ಎಷ್ಟು ಜನಕ್ಕಿದೆಯೋ. ಅವರಿಗೆಲ್ಲಾ ಇದೇ ಮಾತು ಹೇಳುತ್ತಿರಬಹುದು.

ಬಿಲ್ ತೆಗೆದು ನೋಡಿದೆ. ಕೆಳಗೆ "ಒಮ್ಮೆ ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಅಂತ ಸೀಲು. ಸ್ಟ್ರೆಚಿಂಗ್‌ಗೆ ಬಿಲ್ಲೇ ಕೊಟ್ಟಿಲ್ಲ. ಪುಣ್ಯಕ್ಕೆ ಎರಡೂ ಸಲ ಯುಪಿಐನಲ್ಲಿ ಕೊಟ್ಟಿದ್ದೆ, ದಾಖಲೆ ಉಳಿಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಿದರು, ದೂರು ಬರೆದುಕೊಂಡು ನಂಬರ್ ಕೊಟ್ಟರು. ಆಮೇಲೆ ಕಾನೂನು ಏನು ಹೇಳುತ್ತದೆ ಅಂತ ಕೂತು ಓದಿದೆ. ಸೈಜು ಸರಿಯಾಗಲಿಲ್ಲ ಅನ್ನುವುದು ಮಾಲಿನ ದೋಷ ಅಲ್ಲ, ಅದು ನಿಜ. ಆದರೆ ಆಗದ ಕೆಲಸಕ್ಕೆ ಎರಡು ಸಲ ದುಡ್ಡು ತಗೊಂಡು, ಇದ್ದ ಶೂ ಕೂಡ ಹಾಳು ಮಾಡಿದ್ದು ಸೇವೆಯ ಲೋಪ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಸೇವೆಯೂ ಬರುತ್ತದೆ. ಗ್ರಾಹಕ ಆಯೋಗಕ್ಕೆ ಹೋದರೂ 5 ಲಕ್ಷದೊಳಗಿನ ವ್ಯವಹಾರಕ್ಕೆ ದೂರಿನ ಶುಲ್ಕ ಇಲ್ಲ.

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರೇ, ಸಂಜೆ ಹೋಗಿ ಕೊಳ್ಳಿ, ಪಾದ ಊದಿರುತ್ತದೆ, ನಿಜವಾದ ಅಳತೆ ಆಗಲೇ ಗೊತ್ತಾಗೋದು. ಕೆಲಸಕ್ಕೆ ಹಾಕುವ ದಪ್ಪ ಸಾಕ್ಸ್ ಹಾಕಿಕೊಂಡೇ ನೋಡಿ. ಬೆರಳು ಲೋಹಕ್ಕೆ ತಾಗಿದರೆ ಆ ಶೂ ನಿಮ್ಮದಲ್ಲ. ಸೈಜು ಇಲ್ಲ ಅಂದರೆ ಗುರುವಾರದವರೆಗೆ ಕಾಯಿರಿ. ನಾನು ನಾಲ್ಕು ದಿನ ಕಾಯಲಿಲ್ಲ.

ಈಗ ಬೇರೆ ಅಂಗಡಿಯಲ್ಲಿ 7 ತಗೊಂಡಿದ್ದೇನೆ, ಮುಂದೆ ಅಗಲ ಇರುವ ಮಾಡೆಲ್. ಮೊದಲ ದಿನದಿಂದಲೇ ನೋವಿಲ್ಲ. ಕಂಪನಿಯ 2,000 ರೂಪಾಯಿ ಮೊದಲ ಬಿಲ್‌ಗೇ ಹೋಗಿಬಿಟ್ಟಿತ್ತು, ಇದು ಪೂರ್ತಿ ನನ್ನ ಕೈಯಿಂದ. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ತರಬೇಕು ಅಂದುಕೊಂಡಿದ್ದೆ, ಅದು ಮುಂದಿನ ತಿಂಗಳಿಗೆ ಹೋಯಿತು.

ನಿನ್ನೆ ರಾತ್ರಿ ಅಂಗಡಿಯಿಂದ ಮೆಸೇಜ್ ಬಂತು. "ಮೇಡಂ, ಕಂಪ್ಲೇಂಟ್ ವಾಪಸ್ ತಗೊಳ್ಳಿ, 500 ಕೊಡ್ತೀನಿ." 3,150 ಅಂತ ಬರೆದು ಕಳಿಸಿದೆ. ನೀಲಿ ಟಿಕ್ ಬಂದಿದೆ. ಹಳೆ ಬೂಟು ಕವರ್‌ನಲ್ಲಿ ಕಟ್ಟಿ ಮಂಚದ ಕೆಳಗೆ ಇಟ್ಟಿದ್ದೇನೆ, ಬಿಲ್ ಸಮೇತ. ಎಸೆಯುವುದಿಲ್ಲ.